ಎಡಗೈ ಕಡ್ಡಿ ಆಕ್ಸಿಲರೇಟರ್ ಅಲ್ಲ

ಮುಂದೆ ಸಾಗುವ ವೇಗ ಬದಲಾಗದಂತೆ ಹೆಲಿಕಾಪ್ಟರ್ ಹೇಗೆ ಏರಿಳಿಯುತ್ತದೆ, ಅದನ್ನು ಕಲಿಯಲು ಮೊದಲು ಅಗ್ಗದ ರಿಮೋಟ್ ಮಾದರಿ ಸಾಕೇ ಎಂದು ಕೇಳಿದ್ದೀರಿ. ಸಾಲದು, ನಾನು ಹಾಳಾಗಿದ್ದೇ ಅದರಿಂದ. ಅಂಥ ಮಾದರಿಯಲ್ಲಿ ಬ್ಲೇಡುಗಳ ಕೋನ ಬದಲಾಗುವುದಿಲ್ಲ, ಮೋಟರು ಜೋರಾದರೆ ಏರುತ್ತದೆ, ನಿಧಾನವಾದರೆ ಇಳಿಯುತ್ತದೆ. ಹಾಸನದ ನಮ್ಮ ಮನೆಯ ತಾರಸಿಯಲ್ಲಿ ಎಂಟು ತಿಂಗಳು ಅದನ್ನು ಹಾರಿಸಿದ ನನಗೆ, ರಿಮೋಟಿನ ಎಡಗೈ ಕಡ್ಡಿಯೆಂದರೆ ಬೈಕಿನ ಆಕ್ಸಿಲರೇಟರ್ ಎಂಬುದು ಬೆರಳಿಗೇ ಅಂಟಿಹೋಯಿತು.

ನಿಜವಾದ ಹೆಲಿಕಾಪ್ಟರಿನಲ್ಲಿ ರೋಟರ್, ಅಂದರೆ ತಲೆಯ ಮೇಲಿನ ಬ್ಲೇಡುಗಳ ಚಕ್ರ, ಸುತ್ತುವ ವೇಗ ಹೆಚ್ಚುಕಡಿಮೆ ಒಂದೇ ಆಗಿರುತ್ತದೆ. ಎಡಗೈಯ ಕಲೆಕ್ಟಿವ್ ಎಂಬ ಕಡ್ಡಿಯನ್ನು ಎತ್ತಿದರೆ ಎಲ್ಲ ಬ್ಲೇಡುಗಳ ಕೋನವೂ ಒಟ್ಟಿಗೆ ಹೆಚ್ಚಿ ಹೆಲಿಕಾಪ್ಟರ್ ಏರುತ್ತದೆ. ಬಲಗೈಯ ಸೈಕ್ಲಿಕ್ ಎಂಬ ಕಡ್ಡಿ, ರೋಟರಿನ ಬುಡದಲ್ಲಿರುವ ಸ್ವಾಶ್‌ಪ್ಲೇಟ್ ಎಂಬ ತಟ್ಟೆಯನ್ನು ಓರೆ ಮಾಡಿದಾಗ ಪ್ರತಿ ಬ್ಲೇಡಿನ ಕೋನ ಸುತ್ತಿನ ಒಂದು ಬದಿಗೆ ಹೆಚ್ಚಿ ಎದುರು ಬದಿಗೆ ತಗ್ಗುತ್ತದೆ, ರೋಟರ್ ವಾಲಿದ ಕಡೆಗೆ ಹೆಲಿಕಾಪ್ಟರ್ ಸಾಗುತ್ತದೆ. ರೆಕ್ಕೆಗೆ ಗಾಳಿ ಸಿಗಲು ಇಡೀ ವಿಮಾನವೇ ಓಡಬೇಕು. ಇಲ್ಲಿ ಬ್ಲೇಡೆಂಬ ರೆಕ್ಕೆ ತಾನೇ ಸುತ್ತಿ ಗಾಳಿಯನ್ನು ಪಡೆಯುತ್ತದೆ.

ಇದನ್ನೆಲ್ಲ ಓದಿಕೊಂಡೇ ನಾನು 325 ಮಿಲಿಮೀಟರ್ ಬ್ಲೇಡಿನ, ಕೋನ ಬದಲಾಗುವ ಮಾದರಿಯನ್ನು ರಾಗಿ ಕೊಯ್ದ ಹೊಲಕ್ಕೆ ಒಯ್ದೆ. ಎರಡು ತೆಂಗಿನ ಮರದೆತ್ತರದಿಂದ ಇಳಿಸಲು ಹಳೆಯ ಅಭ್ಯಾಸದಂತೆ ಕಡ್ಡಿಯನ್ನು ತಳದವರೆಗೆ ಎಳೆದೆ. ನಾನಿಟ್ಟಿದ್ದ ಸೆಟ್ಟಿಂಗಿನಲ್ಲಿ ಕಡ್ಡಿ ಕೆಳಗಿಳಿದರೆ ಕೋನದ ಜೊತೆಗೆ ಮೋಟರಿನ ಶಕ್ತಿಯೂ ಇಳಿಯುತ್ತಿತ್ತು. ಕಿವಿಗೆ ತೆಳ್ಳಗೆ ಕೇಳುತ್ತಿದ್ದ ರೋಟರಿನ ಸದ್ದು ದಪ್ಪಗಾಯಿತು. ಗಾಬರಿಯಾಗಿ ಕಡ್ಡಿಯನ್ನು ಒಮ್ಮೆಲೇ ಮೇಲಕ್ಕೆ ನೂಕಿದೆ. ಕೋನ ಹೆಚ್ಚಲು ಕ್ಷಣ ಸಾಕು, ಮೋಟರು ಮತ್ತೆ ವೇಗ ಹಿಡಿಯಲು ಸಾಲದು. ಸೋತು ಸುತ್ತುತ್ತಿದ್ದ ಬ್ಲೇಡುಗಳಿಗೆ ದೊಡ್ಡ ಕೋನ ಕೊಟ್ಟಾಗ ಗಾಳಿಯ ತಡೆ ಹೆಚ್ಚಿ ಉಳಿದ ಸುತ್ತೂ ಕರಗಿತು, ಎತ್ತುವ ಬಲವೂ ಹೋಯಿತು. ಮೇಲೇರಲೆಂದು ನಾನು ಮಾಡಿದ ಕೆಲಸವೇ ಅದನ್ನು ಬೀಳಿಸಿತು. ಒಂದು ಬ್ಲೇಡು ಬಾಲದ ಕೊಳವೆಯನ್ನು ಚಚ್ಚಿತ್ತು, ಇನ್ನೊಂದು ರಾಗಿಯ ಕೂಳೆಯ ನಡುವೆ ನೆಟ್ಟಗೆ ನಾಟಿಕೊಂಡಿತ್ತು.

ಇನ್ನು, ಏರಿಳಿತಕ್ಕೂ ವೇಗಕ್ಕೂ ‘ಸಂಬಂಧವೇ ಇಲ್ಲ’ ಎಂಬ ನಿಮ್ಮ ಮಾತನ್ನು ನಾನು ಒಪ್ಪುವುದಿಲ್ಲ. ಕಡ್ಡಿ ಬೇರೆ ಬೇರೆಯಾದರೂ ಎಂಜಿನ್ ಒಂದೇ. ಸೈಕ್ಲಿಕ್ ಮುಂದೆ ತಳ್ಳಿದರೆ ಎತ್ತುವ ಬಲದ ಒಂದಿಷ್ಟು ಮುಂದಕ್ಕೆ ವಾಲುವುದರಿಂದ ಎತ್ತರ ಇಳಿಯತೊಡಗುತ್ತದೆ, ಕಲೆಕ್ಟಿವ್ ಎತ್ತಿ ತುಂಬಿಕೊಡಬೇಕು. ಅದನ್ನು ಎತ್ತಿದರೆ ಮೂತಿ ತಿರುಗುತ್ತದೆ, ಬಾಲದ ರೋಟರನ್ನು ಹದ ಮಾಡುವ ಕಾಲಿನ ಪೆಡಲಿನಿಂದ ಹಿಡಿಯಬೇಕು. ಗಾಳಿಯಲ್ಲಿ ನಿಂತಲ್ಲೇ ನಿಲ್ಲುವುದಕ್ಕಿಂತ ಹದವಾದ ವೇಗದಲ್ಲಿ ಸಾಗುವುದಕ್ಕೆ ಕಡಿಮೆ ಶಕ್ತಿ ಸಾಕಾದ್ದರಿಂದ, ಏರಲು ಹೆಚ್ಚು ಶಕ್ತಿ ಉಳಿಯುವುದೂ ಆಗಲೇ.

ಅಗ್ಗದ್ದಕ್ಕೆ ಹಾಕುವ ಹಣವನ್ನು ಕಂಪ್ಯೂಟರಿನ ಸಿಮ್ಯುಲೇಟರಿಗೆ ಹಾಕಿ, ರೋಟರಿನ ವೇಗವನ್ನು, ಅದನ್ನು ತಾನಾಗಿಯೇ ಒಂದೇ ಸಮನಾಗಿಡುವ ಗವರ್ನರಿಗೆ ಬಿಟ್ಟು, ಎಡಗೈಗೆ ಬ್ಲೇಡಿನ ಕೋನವನ್ನಷ್ಟೇ ಕಲಿಸಿ.