ನ್ಯೂಯಾರ್ಕಿನ ಹೊರಗೆ ಬೆಳೆದ ಬಿಗ್ ಬ್ಯಾಂಡ್ (ಜಾಝ್ ನುಡಿಸುವ ದೊಡ್ಡ ತಂಡ) ಕಲಾವಿದರಲ್ಲಿ ಯಾರನ್ನು ಮೊದಲು ಕೇಳಬೇಕು?

ನನ್ನ ಉತ್ತರ: ವಾಲ್ಟರ್ ಪೇಜ್. ಪಿಯಾನೋ ನುಡಿಸುತ್ತಾ ಬ್ಯಾಂಡ್ ನಡೆಸಿದ ಕೌಂಟ್ ಬೇಸಿ ಹೆಸರು ಕೇಳಿರುತ್ತೀರಿ. ಆ ಬ್ಯಾಂಡಿನಲ್ಲಿ ಬಾಸ್ (ತಗ್ಗು ಸ್ವರದ ದೊಡ್ಡ ತಂತಿವಾದ್ಯ) ನುಡಿಸಿದವರು ಇವರು.

1900ರಲ್ಲಿ ಅಮೆರಿಕದ ಮಿಸೌರಿಯಲ್ಲಿ ಹುಟ್ಟಿದರು. ಕಾನ್ಸಾಸ್ ಸಿಟಿಯ ಲಿಂಕನ್ ಹೈಸ್ಕೂಲಿನಲ್ಲಿ ಕಲಿತು, ಬೆನ್ನಿ ಮೋಟನ್ ಬ್ಯಾಂಡಿನಲ್ಲಿ ಕೆಲವು ವರ್ಷ ನುಡಿಸಿದರು. 1925ರ ಹೊತ್ತಿಗೆ ಒಕ್ಲಹೋಮ ಸಿಟಿಯಲ್ಲಿ 'ಬ್ಲೂ ಡೆವಿಲ್ಸ್' ಅನ್ನೋ ಸ್ವಂತ ತಂಡ ಕಟ್ಟಿದರು.

ಇಂಥ ತಂಡಗಳಿಗೆ ಟೆರಿಟರಿ ಬ್ಯಾಂಡ್ ಅಂತಾರೆ. ಇವತ್ತು ಒಂದೂರು, ನಾಳೆ ಇನ್ನೊಂದೂರು. ಡಾನ್ಸ್ ಹಾಲಿನಲ್ಲಿ ರಾತ್ರಿ ನುಡಿಸುವುದು, ಮತ್ತೆ ರಸ್ತೆ ಹಿಡಿಯುವುದು. ಬ್ಲೂ ಡೆವಿಲ್ಸ್‌ನಲ್ಲಿ ಬಂದ ದುಡ್ಡು ಎಲ್ಲರಿಗೂ ಸಮಪಾಲು. ಪೇಜ್ ಬಗ್ಗೆ ನನಗೆ ಗೌರವ ಹೆಚ್ಚಿಸಿದ ವಿಷಯ ಇದು. ಆದರೆ ಜಾಸ್ತಿ ಸಂಬಳ ಕೊಡುವವರು ಕರೆದರೆ ಹುಡುಗರು ನಿಲ್ಲುವುದು ಕಷ್ಟ ಅಲ್ವಾ? ಬೇಸಿ, ಗಾಯಕ ಜಿಮ್ಮಿ ರಶಿಂಗ್, ಟ್ರಂಪೆಟ್ ನುಡಿಸುತ್ತಿದ್ದ ಹಾಟ್ ಲಿಪ್ಸ್ ಪೇಜ್, ಎಲ್ಲರೂ ಮೋಟನ್ ಕಡೆ ಹೋದರು. ಕೊನೆಗೆ ವಾಲ್ಟರ್ ಪೇಜ್ ಕೂಡ ಹೋದರು. ಅವರ ಮುಂದಾಳತ್ವದ ಬ್ಲೂ ಡೆವಿಲ್ಸ್ ರೆಕಾರ್ಡ್ ಮಾಡಿದ್ದು 1929ರಲ್ಲಿ, ಎರಡೇ ಹಾಡು. ಇಷ್ಟು ಒಳ್ಳೆ ತಂಡದ್ದು ಇಷ್ಟೇ ಉಳಿದಿದೆ ಅಂದರೆ ಸಂಕಟವಾಗುತ್ತದೆ.

1935ರಲ್ಲಿ ಮೋಟನ್ ತೀರಿಕೊಂಡರು. ಬೇಸಿ ಹೊಸ ಬ್ಯಾಂಡ್ ಕಟ್ಟಿದಾಗ ಪೇಜ್ ಜೊತೆಗಿದ್ದರು. ಅವರ ಕೆಲಸದ ಹಿರಿಮೆ ಗೊತ್ತಾಗುವುದು ಇಲ್ಲೇ. ಹಳೇ ಬ್ಯಾಂಡ್‌ಗಳಲ್ಲಿ ಟ್ಯೂಬಾ (ತಗ್ಗು ಸ್ವರದ ದೊಡ್ಡ ಹಿತ್ತಾಳೆ ವಾದ್ಯ) ನಾಲ್ಕು ಬೀಟಿನಲ್ಲಿ ಸಾಮಾನ್ಯವಾಗಿ ಎರಡಕ್ಕೆ ಮಾತ್ರ ಊದುತ್ತಿತ್ತು. ಪೇಜ್ ತಂತಿ ಬಾಸಿನಲ್ಲಿ ನಾಲ್ಕೂ ಬೀಟಿಗೆ ಒಂದೊಂದು ಸ್ವರ ಮೀಟುತ್ತಾ, ಮೆಟ್ಟಿಲು ಹತ್ತಿ ಇಳಿದ ಹಾಗೆ ನಡೆದರು. ತಾಳದ ಭಾರ ಬಾಸ್ ಹೊತ್ತುಕೊಂಡಿತು. ಡ್ರಮ್ಸ್‌ನ ಜೋ ಜೋನ್ಸ್ ಕಾಲಿನ ದೊಡ್ಡ ಡ್ರಮ್ ಹಗುರ ಮಾಡಿ ಹೈ-ಹ್ಯಾಟ್ (ಜೋಡಿ ತಟ್ಟೆಗಳ ತಾಳ) ಕಡೆ ತಿರುಗಿದರು. ಬೇಸಿಯ ಎಡಗೈಗೂ ಬಿಡುವು ಸಿಕ್ಕಿತು. ಅವರು ಅಷ್ಟು ಕಡಿಮೆ ಸ್ವರ ನುಡಿಸಿಯೂ ಬ್ಯಾಂಡ್ ಓಡುತ್ತದಲ್ಲ, ಅದಕ್ಕೆ ಪೇಜ್ ಕಾರಣ ಅಂತ ನಾನು ಗಟ್ಟಿಯಾಗಿ ನಂಬುತ್ತೇನೆ. 1937ರಲ್ಲಿ ಗಿಟಾರಿನ ಫ್ರೆಡ್ಡಿ ಗ್ರೀನ್ ಸೇರಿದ ಮೇಲೆ ಈ ನಾಲ್ವರಿಗೆ ಸರಿಸಾಟಿ ಇರಲಿಲ್ಲ.

ಪೇಜ್ 1957ರಲ್ಲಿ ನ್ಯೂಯಾರ್ಕಿನಲ್ಲಿ ತೀರಿಕೊಂಡರು.

ಮೊದಲು ಮೋಟನ್ ಬ್ಯಾಂಡಿನ 1932ರ 'ಮೋಟನ್ ಸ್ವಿಂಗ್' ಕೇಳಿ. ಆಮೇಲೆ 1938ರ 'ಪೇಜಿನ್ ದ ಡೆವಿಲ್'. ಹೆಡ್‌ಫೋನ್ ಹಾಕಿಕೊಂಡೇ ಕೇಳಿ, ಮೊಬೈಲ್ ಸ್ಪೀಕರಿನಲ್ಲಿ ಬಾಸ್ ಸರಿಯಾಗಿ ಕೇಳಿಸುವುದಿಲ್ಲ.