ಮಂಗಳೂರಿನ ಹಡಗುಗಳು ಮತ್ತು ಅಡ್ಮಿರಲ್ ಹ್ಯೂಸ್

ಪ್ರಶ್ನೆ: ಸಕಲೇಶಪುರದ ಮಂಜರಾಬಾದ್ ಕೋಟೆಯನ್ನು ಮಕ್ಕಳಿಗೆ ತೋರಿಸುತ್ತಿದ್ದಾಗ, ಮಂಗಳೂರಿನಲ್ಲಿ ಹೈದರಾಲಿಯ ಹಡಗುಗಳನ್ನು ನಾಶಮಾಡಿದ ಎಡ್ವರ್ಡ್ ಹ್ಯೂಸ್ ಎಂಬ ಇಂಗ್ಲಿಷ್ ನೌಕಾಧಿಪತಿಯ ಮಾತು ಬಂತು. ಆತ ಅಷ್ಟು ಸಮರ್ಥನಾಗಿದ್ದನೇ?
– ಓದುಗರೊಬ್ಬರು, ಹಾಸನ

ಉತ್ತರ: ಹ್ಯೂಸ್ 1735ರಲ್ಲಿ ನೌಕಾಪಡೆ ಸೇರಿ, 1748ರಲ್ಲಿ ಕ್ಯಾಪ್ಟನ್ ಆಗಿ, ಕೆನಡಾದ ಲೂಯಿಸ್‌ಬರ್ಗ್ ಮತ್ತು ಕ್ವಿಬೆಕ್ ಮುತ್ತಿಗೆಗಳಲ್ಲಿ ಪಾಲ್ಗೊಂಡಿದ್ದವನು. ಆದರೆ ಆತನ ಹೆಸರು ಉಳಿದದ್ದು ನಮ್ಮ ಸಮುದ್ರಗಳಿಂದಲೇ. 1780ರ ಡಿಸೆಂಬರಿನಲ್ಲಿ ಆತನ ಪಡೆ ಮಂಗಳೂರಿನಲ್ಲಿದ್ದ ಹೈದರಾಲಿಯ ಹಡಗುಗಳನ್ನು ನಾಶಮಾಡಿತು. ಕಡಲಲ್ಲಿ ಸ್ವಂತ ಬಲ ಕಟ್ಟಲು ಹೊರಟಿದ್ದ ಹೈದರನು ಆ ಬಳಿಕ ಫ್ರೆಂಚರ ನೌಕಾಪಡೆಯ ದಾರಿ ಕಾಯಬೇಕಾಯಿತು. ಮೈಸೂರಿನ ಚರಿತ್ರೆಯನ್ನು ಬರೀ ನೆಲದ ಯುದ್ಧಗಳಿಂದ ಹೇಳುವ ನಾವು ಈ ಪೆಟ್ಟನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿರುವುದು ನನಗೆ ದೊಡ್ಡ ಕೊರತೆಯೆಂದೇ ತೋರುತ್ತದೆ.

1782ರಲ್ಲಿ ಬಂದ ಫ್ರೆಂಚ್ ನಾಯಕ ಸುಫ್ರೆನ್ ಹ್ಯೂಸ್‌ಗಿಂತ ಚುರುಕಾದ ಯುದ್ಧಚತುರ. 1782ರ ಫೆಬ್ರವರಿಯಿಂದ 1783ರ ಜೂನ್‌ವರೆಗೆ ಅವರಿಬ್ಬರೂ ಐದು ಬಾರಿ ಕಾದಾಡಿದರೂ, ಯಾವ ಕದನದಲ್ಲೂ ಯಾರೊಬ್ಬರ ದೊಡ್ಡ ಯುದ್ಧನೌಕೆಯೂ ಎದುರಾಳಿಯ ಕೈವಶವಾಗಲಿಲ್ಲ.

ಹ್ಯೂಸ್‌ನ ಪರಿಸ್ಥಿತಿಯನ್ನು ಅರ್ಥಮಾಡಿಕೊಳ್ಳಲು ಹಿಂಗಾರನ್ನು ನೆನೆಯಬೇಕು. ನಮ್ಮ ಮಲೆನಾಡಿನಲ್ಲಿ ಮುಂಗಾರಿನ ಆರ್ಭಟ ಇಳಿಯುವ ಹೊತ್ತಿಗೆ ಚೋಳಮಂಡಲ ತೀರದಲ್ಲಿ ಬಿರುಗಾಳಿಯ ಕಾಲ ಆರಂಭವಾಗುತ್ತದೆ; ಮದ್ರಾಸಿನಲ್ಲಾಗಲಿ ಕಡಲೂರಿನಲ್ಲಾಗಲಿ ಹಡಗುಗಳಿಗೆ ಆಸರೆಯಾಗಬಲ್ಲ ಸಹಜ ಬಂದರು ಇರಲಿಲ್ಲವಾದ್ದರಿಂದ, ರಿಪೇರಿಗಾಗಿ ಹ್ಯೂಸ್ ದೂರದ ಬೊಂಬಾಯಿಗೆ ಹೋಗಬೇಕಿತ್ತು. ಸಿಂಹಳದ ಟ್ರಿಂಕಾಮಲಿ ಬಂದರಿಗೆ ಅಷ್ಟು ಬೆಲೆ ಬಂದದ್ದು ಇದೇ ಕಾರಣಕ್ಕೆ. 1782ರ ಜನವರಿಯಲ್ಲಿ ಡಚ್ಚರಿಂದ ಗೆದ್ದುಕೊಂಡಿದ್ದ ಅದನ್ನು ಆತ ಅದೇ ಆಗಸ್ಟ್ ಕೊನೆಯಲ್ಲಿ ಸುಫ್ರೆನ್‌ಗೆ ಕಳೆದುಕೊಂಡ. ರಕ್ಷಣೆಗೆ ಧಾವಿಸಿ ಬರುವಷ್ಟರಲ್ಲಿ ಕೋಟೆ ಶರಣಾಗಿತ್ತು. ಆತನ ವೃತ್ತಿಜೀವನದ ಅತಿ ದೊಡ್ಡ ತಪ್ಪು ಈ ವಿಳಂಬವೇ ಎಂಬುದು ನನ್ನ ಅಭಿಪ್ರಾಯ.

ಕಡಲೂರಿನ ಕೊನೆಯ ಕದನದಲ್ಲಿ ಆತನ ಬಳಿ 18 ಯುದ್ಧನೌಕೆಗಳಿದ್ದವು, ಸುಫ್ರೆನ್ ಬಳಿ 15. ಆದರೆ ಸ್ಕರ್ವಿ ರೋಗದಿಂದ ನಾವಿಕರು ಕುಗ್ಗಿದ್ದರು, ಕುಡಿಯುವ ನೀರಿಗೂ ಅಭಾವವಿತ್ತು. ಹೀಗಾಗಿ ಆತ ಮದ್ರಾಸಿಗೆ ಹಿಂದಿರುಗಿದ. ಕೆಲವೇ ದಿನಗಳಲ್ಲಿ ಯುರೋಪಿನಿಂದ ಶಾಂತಿಯ ಸುದ್ದಿ ಬಂತು.

ಹ್ಯೂಸ್‌ನನ್ನು ಮಹಾ ಸೇನಾನಿ ಎನ್ನಲಾರೆ. ಆದರೆ ತನ್ನ ಪಡೆ ಚದುರದಂತೆ ಹಿಡಿದಿಟ್ಟು, ಮದ್ರಾಸನ್ನು ಉಳಿಸಿಕೊಂಡ ಆತನ ಛಲ ಸಣ್ಣದಲ್ಲ. ಹೈದರನು 1782ರ ಡಿಸೆಂಬರಿನಲ್ಲಿ ತೀರಿಕೊಂಡ. ಟಿಪ್ಪುವಿನೊಡನೆ ಇಂಗ್ಲಿಷರು ಒಪ್ಪಂದ ಮಾಡಿಕೊಂಡದ್ದು 1784ರ ಮಾರ್ಚ್‌ನಲ್ಲಿ, ಅದೇ ಮಂಗಳೂರಿನಲ್ಲಿ.