ಮೊದಲ ಸಲ ಲೈವ್ ಸಂಗೀತ ಕೇಳಿದ್ದು ಯಾಕೆ ಮರೆಯಲ್ಲ?

ಪ್ರಶ್ನೆ: ನಾನು ಮೊದಲ ಸಲ ಲೈವ್ ಕಾರ್ಯಕ್ರಮಕ್ಕೆ ಹೋದಾಗ ನನಗೆ 19. ಈಗ 46. ಆಮೇಲೆ ಅದಕ್ಕಿಂತ ಎಷ್ಟೋ ಚೆನ್ನಾಗಿರುವುದನ್ನು ಕೇಳಿದ್ದೇನೆ, ಆದರೂ ಅದೇ ಮೊದಲು ನೆನಪಿಗೆ ಬರುತ್ತದೆ. ಆದರೆ ಅವತ್ತು ಯಾವ ಹಾಡು ಹಾಡಿದರು ಅನ್ನೋದೇ ಸರಿಯಾಗಿ ನೆನಪಿಲ್ಲ. ಯಾಕೆ ಹೀಗೆ?

ಉತ್ತರ: ಅರ್ಧ ಕಾರಣ ವಯಸ್ಸು. ಸುಮಾರು 10ರಿಂದ 30ರ ನಡುವೆ ನಡೆದದ್ದು ಮುಂದೆ ಜಾಸ್ತಿ ನೆನಪಿಗೆ ಬರುತ್ತದೆ ಅಂತ ನೆನಪಿನ ಬಗ್ಗೆ ಅಧ್ಯಯನ ಮಾಡಿದವರು ಮತ್ತೆ ಮತ್ತೆ ಕಂಡುಕೊಂಡಿದ್ದಾರೆ. ಇನ್ನರ್ಧ ಕಾರಣ ಮೈ ಅಂತ ನನಗನ್ನಿಸುತ್ತದೆ. ಹಾಡನ್ನು ಮನೆಯಲ್ಲೂ ಕೇಳಿರುತ್ತೀರಿ, ಆದರೆ ಆ ಬೇಸ್, ಅಂದರೆ ತಗ್ಗಿನ ಸ್ಥಾಯಿಯ ದಪ್ಪ ಸದ್ದು, ಎದೆಗೆ ಬಂದು ಗುದ್ದುವುದು ಅಲ್ಲಿ ಮಾತ್ರ. ಕೆನಡಾದ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯದವರು ಒಂದು ಲೈವ್ ಕಾರ್ಯಕ್ರಮದಲ್ಲೇ ಇದನ್ನು ಪರೀಕ್ಷಿಸಿ 2022ರಲ್ಲಿ ಪ್ರಕಟಿಸಿದರು. ಕಿವಿಗೆ ಗೊತ್ತೇ ಆಗದಷ್ಟು ತಗ್ಗಿನ ಸ್ಥಾಯಿಯ ಬೇಸ್ ಹೊರಡಿಸುವ ಸ್ಪೀಕರ್‌ಗಳನ್ನು ಆಗಾಗ ಹಾಕಿ ಆರಿಸುತ್ತಿದ್ದರು. ಅವು ಆನ್ ಇದ್ದಾಗ ಜನ ಶೇ 11.8ರಷ್ಟು ಜಾಸ್ತಿ ಕುಣಿದರು!

ನನಗೆ ಮೊದಲ ಸಲ ಸಿಕ್ಕಿದ್ದು ಕಂಬದ ಹಿಂದಿನ ಸೀಟು. ಹಾಡುವವರ ಮುಖ ಕಾಣಲೇ ಇಲ್ಲ. ಕಂಡದ್ದು ಡ್ರಮ್ಸ್ ನುಡಿಸುವವರ ಬಲಗಾಲು, ಅದರ ಕೆಳಗಿನ, ದೊಡ್ಡ ಡ್ರಮ್ ಬಾರಿಸುವ ಪೆಡಲ್ ಮಾತ್ರ. ಶೂ ಬಿಚ್ಚಿಟ್ಟು ಬರಿಗಾಲಲ್ಲಿ ನುಡಿಸುತ್ತಿದ್ದರು, ಹಾಡು ನಿಧಾನವಾದಾಗ ಹಿಮ್ಮಡಿ ನೆಲಕ್ಕೆ ಇಳಿಯುತ್ತಿತ್ತು, ಜೋರಾದಾಗ ಮೇಲೇಳುತ್ತಿತ್ತು. ಎರಡು ಗಂಟೆ ಅದನ್ನೇ ನೋಡಿದೆ. ಇವತ್ತಿಗೂ ಯಾವ ಹಾಡು ಬಂದರೂ ನನ್ನ ಕಿವಿ ಮೊದಲು ಹೋಗುವುದು ಆ ದೊಡ್ಡ ಡ್ರಮ್ಮಿನ ಕಡೆಗೇ. ಹಾಗಾಗಿ ಹಾಡು ಮರೆತಿದ್ದಕ್ಕೆ ಬೇಜಾರಾಗಬೇಡಿ, ಬೇರೆ ಏನು ಉಳಿದಿದೆ ನೋಡಿಕೊಳ್ಳಿ.

ಪ್ರಶ್ನೆ: ನನ್ನ ಮೊದಲ ಶಾಸ್ತ್ರೀಯ ಕಾರ್ಯಕ್ರಮದಲ್ಲಿ ಅವರಿನ್ನೂ ಶ್ರುತಿ ಮಾಡಿಕೊಳ್ಳುತ್ತಿದ್ದರು, ನಾನು ಚಪ್ಪಾಳೆ ತಟ್ಟಿಬಿಟ್ಟೆ. ಪಕ್ಕದವರು ನಕ್ಕರು. ಇಪ್ಪತ್ತು ವರ್ಷವಾದರೂ ಮುಜುಗರ ಹೋಗಿಲ್ಲ.

ಉತ್ತರ: ಇಂಥದ್ದೇ ಒಂದು ಸಾವಿರಾರು ಜನರ ಎದುರು ನಡೆದಿದೆ. 1971ರ ಆಗಸ್ಟ್ 1, ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್. ಬಾಂಗ್ಲಾದೇಶದ ನಿರಾಶ್ರಿತರ ನೆರವಿಗೆ ಅಂತ ರವಿಶಂಕರ್, ಬೀಟಲ್ಸ್ ತಂಡದಲ್ಲಿದ್ದ ಜಾರ್ಜ್ ಹ್ಯಾರಿಸನ್ ಜೊತೆ ಸೇರಿ ಮಾಡಿದ ಕಾರ್ಯಕ್ರಮ. ರವಿಶಂಕರ್ ಸಿತಾರ್, ಅಲಿ ಅಕ್ಬರ್ ಖಾನ್ ಸರೋದ್ ಹಿಡಿದು ತಂತಿ ಸರಿಮಾಡಿಕೊಂಡರು, ಅಷ್ಟಕ್ಕೇ ಸಭೆ ಚಪ್ಪಾಳೆ ಹೊಡೆಯಿತು. ರವಿಶಂಕರ್ ಧನ್ಯವಾದ ಹೇಳಿದರು. ಶ್ರುತಿ ಮಾಡಿದ್ದೇ ಇಷ್ಟು ಹಿಡಿಸಿದ್ದರೆ, ನುಡಿಸುವುದು ಇನ್ನೂ ಹಿಡಿಸುತ್ತದೆ ಅಂದುಕೊಳ್ಳುತ್ತೇನೆ ಅಂದರು. ಆಮೇಲೆ ನುಡಿಸಿದರು, ಜನ ಕೇಳಿದರು. ನಿಮಗೆ ಶ್ರುತಿಯೇ ಇಂಪಾಗಿ ಕೇಳಿಸಿತು ಅಂದರೆ ಕಿವಿ ಅಷ್ಟು ತೆರೆದಿತ್ತು ಅಂತ ಅಲ್ವಾ? ನಕ್ಕವರನ್ನು ಬಿಟ್ಟುಬಿಡಿ.

ಪ್ರಶ್ನೆ: ತುಂಬ ಇಷ್ಟದ ಗಾಯಕಿಯ ಕಾರ್ಯಕ್ರಮ ಪೂರ್ತಿ ಮೊಬೈಲಲ್ಲಿ ಹಿಡಿದೆ. ಈಗ ವಿಡಿಯೊ ಇದೆ, ನೆನಪೇ ಇಲ್ಲ.

ಉತ್ತರ: 2014ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಮ್ಯೂಸಿಯಂ ನೋಡಲು ಹೋದವರಿಗೆ ತಾವು ಫೋಟೊ ತೆಗೆದ ವಸ್ತುಗಳಿಗಿಂತ ಸುಮ್ನೆ ನೋಡಿದವೇ ಚೆನ್ನಾಗಿ ನೆನಪಿದ್ದವು. ಮುಂದಿನ ಸಲ ಒಂದೇ ಒಂದು ಹಾಡು ಹಿಡಿಯಿರಿ, ಆಮೇಲೆ ಮೊಬೈಲ್ ಜೇಬಿಗೆ.

ಪ್ರಶ್ನೆ: ಎಂಟು ವರ್ಷದ ಮಗಳನ್ನು ಮೊದಲ ಸಲ ಲೈವ್ ಕಾರ್ಯಕ್ರಮಕ್ಕೆ ಕರೆದುಕೊಂಡು ಹೋಗುತ್ತಿದ್ದೇನೆ. ಸೌಂಡ್ ಜಾಸ್ತಿ ಆಗುತ್ತಾ?

ಉತ್ತರ: ಆಗಬಹುದು, ಇದನ್ನು ಹಗುರವಾಗಿ ತಗೋಬೇಡಿ. ದೊಡ್ಡವರಿಗೇ 85 ಡೆಸಿಬಲ್ ಸದ್ದಿನಲ್ಲಿ ದಿನಕ್ಕೆ 8 ಗಂಟೆ ಮಿತಿ ಅಂತ ಲೆಕ್ಕ. ಮೂರು ಡೆಸಿಬಲ್ ಏರಿದ ಹಾಗೆ ಆ ಹೊತ್ತು ಅರ್ಧವಾಗುತ್ತದೆ. 100 ಡೆಸಿಬಲ್‌ಗೆ ಬರುವಷ್ಟರಲ್ಲಿ ಉಳಿಯುವುದು ಕಾಲು ಗಂಟೆ, ಜೋರು ಕಾರ್ಯಕ್ರಮಗಳಲ್ಲಿ ಅಷ್ಟು ಸದ್ದು ಸಾಮಾನ್ಯ. ಮಕ್ಕಳ ಅಳತೆಯ, ಕಿವಿಯ ಮೇಲೆ ಕೂರುವ ಮುಚ್ಚಳ ಸಿಗುತ್ತದೆ, ಹೆಡ್‌ಫೋನ್ ಥರ ಇರುತ್ತದೆ. ಅದನ್ನು ಹಾಕಿದರೂ ಹಾಡು ಕೇಳಿಸುತ್ತದೆ. ಮನೆಯಲ್ಲೇ ಎರಡು ದಿನ ಹಾಕಿಸಿ ಅಭ್ಯಾಸ ಮಾಡಿಸಿ. ಸ್ಪೀಕರ್ ಹತ್ತಿರ ಕೂರಬೇಡಿ. ವೇದಿಕೆ ಅವಳಿಗೆ ಕಾಣಬೇಕು, ಅಷ್ಟು ನೋಡಿಕೊಳ್ಳಿ. ಅರ್ಧಕ್ಕೇ ಅವಳಿಗೆ ಸಾಕು ಅನ್ನಿಸಿದರೆ ಎದ್ದು ಬನ್ನಿ. ದಾರಿಯಲ್ಲಿ ‘ಏನು ನೋಡಿದೆ?’ ಅಂತ ಕೇಳಿ. ಅವಳು ಏನಂದಳು ಅಂತ ನನಗೂ ಬರೆಯಿರಿ.